ಹಳದಿ ಗೇಟಿನ ವಿಳಾಸ

ಡಿಸೆಂಬರ್ ತಿಂಗಳ ಮೊದಲ ಸೋಮವಾರ, ಬೆಳಿಗ್ಗೆ ಆರು ಗಂಟೆ. ಮಳೆ ಹಿಂದಿನ ವಾರವಷ್ಟೇ ಗಂಟುಮೂಟೆ ಕಟ್ಟಿಕೊಂಡು ಹೋಗಿತ್ತು. ಉತ್ತರದ ಗುಡ್ಡಗಳಿಂದ ಒಣಗಾಳಿ ಇಳಿದು ಬಾರ್ವಾ ಊರಿನ ತಗಡಿನ ಮಾಡುಗಳನ್ನು ತಟ್ಟಿ ಎಬ್ಬಿಸುತ್ತಿತ್ತು. ಕಾಫಿ ಕೊಯ್ಯುವ ಜನ ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ತೋಟಗಳ ಕಡೆ ಹೊರಡುವ ಆ ಹೊತ್ತಿನಲ್ಲಿ ಎವೆಲಿಯೊ ಬ್ರೆನೆಸ್ ತನ್ನ ಮನೆಯ ಗೇಟಿಗೆ ಬಣ್ಣ ಬಳಿಯುತ್ತಿದ್ದ.

ಡಿಸೆಂಬರಿನಲ್ಲಿ ಬಣ್ಣ ಬಳಿಯುವುದು ಅಲ್ಲಿ ಹೊಸದೇನಲ್ಲ. ವರ್ಷದ ಕೊನೆಯ ಬೋನಸ್ಸು ಕೈಗೆ ಬಂದ ಕೂಡಲೇ ಊರಿಗೆ ಊರೇ ಬ್ರಷ್ಷು ಹಿಡಿಯುತ್ತದೆ. ಎವೆಲಿಯೊ ಕೂಡ ಹನ್ನೊಂದು ವರ್ಷದಿಂದ ತಪ್ಪದೆ ತನ್ನ ಗೇಟಿಗೆ ಹಳದಿ ಬಳಿಯುತ್ತ ಬಂದವನೇ. ಈ ಸಲ ಅಂಗಡಿಯಲ್ಲಿ ಹಳದಿ ಮುಗಿದಿತ್ತು. ಅಂಗಡಿಯ ತೊಬಿಯಾಸ್, "ಗಿಳಿಹಸಿರು ಇದೆ, ತಗೊಂಡು ಹೋಗಿ ದೋನ್ ಎವೆಲಿಯೊ. ಗೇಟೇನು ಬೇಡ ಅನ್ನುತ್ತಾ?" ಎಂದಿದ್ದ. ಗೇಟು ಬೇಡ ಅನ್ನಲಿಲ್ಲ. ಬೇಡ ಅಂದವರು ಆಮೇಲೆ ಬಂದರು.

ಇಷ್ಟು ಅವಸರದಲ್ಲಿ ಬಣ್ಣ ಬಳಿಯಲು ಕಾರಣವಿತ್ತು. ಅಂದು ಸಂಜೆ ಮನೆಗೆ ಒಬ್ಬ ಅತಿಥಿ ಬರುವವಳಿದ್ದಳು. ಪಕ್ಕದ ಪಟ್ಟಣದಲ್ಲಿ ಹೊರದೇಶದವರಿಗೆ ಸ್ಪ್ಯಾನಿಷ್ ಕಲಿಸುವ ಒಂದು ಶಾಲೆ. ಕಲಿಯಲು ಬಂದವರನ್ನು ಅದು ಸುತ್ತಮುತ್ತಲ ಊರಿನ ಮನೆಗಳಲ್ಲಿ ಉಳಿಸುತ್ತಿತ್ತು. ಎವೆಲಿಯೊನ ಹೆಂಡತಿ ಮಿರ್ತಾ ಆ ಪಟ್ಟಿಗೆ ಹೆಸರು ಬರೆಸಿ ಎರಡು ವರ್ಷವಾಗಿತ್ತು. ತಾನಂತೂ ಸಮುದ್ರ ದಾಟುವಂತಿಲ್ಲ. ದಾಟಿ ಬಂದವರೊಬ್ಬರು ತನ್ನ ಅಡುಗೆಮನೆಯ ಮೇಜಿಗೆ ಕೂತು, ತಾನು ಮಾಡಿದ್ದನ್ನು ಉಂಡು, ಅವರ ಊರಿನ ಸುದ್ದಿ ಹೇಳಬೇಕು. ಅವಳಿಗಿದ್ದ ಆಸೆ ಇಷ್ಟೇ. ಹೋದ ವರ್ಷ ಒಬ್ಬ ಜರ್ಮನಿಯವನನ್ನು ಕಳಿಸಿದ್ದರು. ಅವನು ಮನೆ ಸಿಗದೆ ಊರೆಲ್ಲ ಸುತ್ತಿ, ಸ್ಮಶಾನದ ಕಾವಲುಗಾರನ ಮನೆಯಲ್ಲಿ ಉಂಡು, ಬಂದ ದಾರಿಯಲ್ಲೇ ಹಿಂತಿರುಗಿದ್ದ. ಹಾಗಾಗಿ ಶಾಲೆಯ ದೋನ್ಯಾ ಲಿಹಿಯಾ ಈ ಸಲ ಬಿಡಿಸಿ ಹೇಳಿದ್ದಳು: "ಸೋಮವಾರ ಸಂಜೆ ಐದಕ್ಕೆ ನಾನೇ ಬಂದು ನೋಡ್ತೀನಿ. ಅತಿಥಿ ಮನೇಲಿದ್ರೆ ಸರಿ. ಇಲ್ಲಾಂದ್ರೆ ಪಟ್ಟಿಯಿಂದ ಹೆಸರು ಹೊಡೆದುಹಾಕ್ತೀನಿ, ಬೇಜಾರು ಮಾಡ್ಕೋಬೇಡಿ. ಮತ್ತೆ ಬಸ್‌ಸ್ಟಾಪಿಗೆ ಹೋಗಿ ಕರ್ಕೊಂಡು ಬರೋದು, ಗೇಟಿನ ಹತ್ರ ನಿಂತು ಕೈ ಬೀಸೋದು, ಕೂಗಿ ಕರೆಯೋದು ಏನೂ ಕೂಡದು. ದಾರಿ ಕೇಳ್ಕೊಂಡು ತಾನೇ ಬರೋದು ಅವರ ಮೊದಲ್ನೇ ಪಾಠ."

ಅತಿಥಿಗೆ ಮುಂಚಿತವಾಗಿ ಒಂದು ಸಲಹೆಯ ಕಾಗದ ಬರೆಯಬೇಕೆಂಬುದೂ ಶಾಲೆಯ ಪದ್ಧತಿ. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಎವೆಲಿಯೊನಿಗೆ ದಾರಿ ಹೇಳುವುದೆಂದರೆ ಹುಟ್ಟುಗುಣ. ಒಂದು ಭಾನುವಾರವಿಡೀ ಕೂತು ಬರೆದಿದ್ದ. ನೆರೆಯವರೂ ಸುತ್ತ ಕೂತು ಕೈಜೋಡಿಸಿದ್ದರು. 'ನಲ್ಲಿಯ ನೀರು ಧೈರ್ಯವಾಗಿ ಕುಡಿಯಿರಿ. ಕಕ್ಕಸಿನ ಕಾಗದವನ್ನು ಗುಂಡಿಗೆ ಹಾಕದೆ ಪಕ್ಕದ ಬುಟ್ಟಿಗೆ ಹಾಕಿ, ನಮ್ಮ ಪೈಪು ಸಣ್ಣದು. ನಮ್ಮಲ್ಲಿ ಬಾಗಿಲು ತಟ್ಟುವುದಿಲ್ಲ, ಹೊರಗೆ ನಿಂತು ಊಪೆ ಎಂದು ಕೂಗಿ. ಈಗಲೇ ಬರುತ್ತೇನೆ ಎಂದು ಯಾರಾದರೂ ಹೇಳಿದರೆ ನಿಂತು ಕಾಯಬೇಡಿ, ಕೂತು ಕಾಯಿರಿ. ಕಾಫಿ ಕೊಟ್ಟರೆ ಬೇಡ ಅನ್ನಬೇಡಿ. ಹೇಗೂ ಮೂರನೆಯ ಸಲ ಕುಡಿಸಿಯೇ ಕುಡಿಸುತ್ತೇವೆ, ಅಷ್ಟರಲ್ಲಿ ಆರಿರುತ್ತದೆ.' ಬಾಳೆ ಎಲೆಯಲ್ಲಿ ಜೋಳದ ಹಿಟ್ಟಿನ ಕಡುಬು, ಅಂದರೆ ತಮಾಲೆ, ಬೇಯಿಸಿ ಮಾರುವ ದೋನ್ಯಾ ಎರ್ಮೆಲಿಂದಾ, "ಬಾಳೆ ಎಲೆ ಬಿಚ್ಚಿ ಒಳಗಿನದನ್ನ ಮಾತ್ರ ತಿನ್ನಬೇಕು ಅಂತ ಬರೀರಿ, ಹೋದ್ಸಲ ಒಬ್ಬ ಎಲೆ ಸಮೇತ ತಿಂದ" ಎಂದು ಸೇರಿಸಿದ್ದಳು. ಕಾಗದ ಎಂಟು ಪುಟವಾಗಿತ್ತು. ಕೊನೆಯಲ್ಲಿ ವಿಳಾಸ.

ಏಳೂವರೆಗೆ ಗೇಟು ಮುಗಿಯಿತು. ಎವೆಲಿಯೊ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಗೇಟು ಮದುವೆಗೆ ಹೊರಟ ಗಿಳಿಯ ಹಾಗಿತ್ತು.

ಎದುರು ಮನೆಯ ಜಗುಲಿಯಲ್ಲಿ ತೂಗುಕುರ್ಚಿ ಹಾಕಿಕೊಂಡು ಅವನ ಅಣ್ಣ ಅಬುಂದಿಯೊ ಇದನ್ನೆಲ್ಲ ನೋಡುತ್ತ ಕೂತಿದ್ದ. ಅಣ್ಣತಮ್ಮಂದಿರಿಗೆ ಹನ್ನೊಂದು ವರ್ಷದಿಂದ ಮಾತಿಲ್ಲ. ಆ ಬೀದಿಗೆ ಹೆಸರಿಲ್ಲ, ಮನೆಗಳಿಗೆ ನಂಬರಿಲ್ಲ. ಮೊದಲೆಲ್ಲ ಜನ, 'ದೋನ್ ಅಬುಂದಿಯೊ ಮನೆಯಿಂದ ಐವತ್ತು ಮೀಟರು' ಎಂದು ಗುರುತು ಹೇಳುತ್ತಿದ್ದರು. ತಮ್ಮ ಎದುರುಗಡೆ ಹಳದಿ ಗೇಟು ಹಾಕಿಸಿದ್ದೇ ತಡ, 'ಹಳದಿ ಗೇಟಿನಿಂದ ಐವತ್ತು ಮೀಟರು' ಆಯಿತು. ಕೊನೆಗೆ ಅಬುಂದಿಯೊನ ಮನೆಯೇ 'ಹಳದಿ ಗೇಟಿನ ಎದುರು' ಆಗಿಹೋಯಿತು. ಅಂದು ಮುಚ್ಚಿದ ಬಾಯಿ ತಮ್ಮನ ಕಡೆಗೆ ಮತ್ತೆ ತೆರೆದಿರಲಿಲ್ಲ. ಅವನ ಸ್ವಂತ ಗೇಟೂ ಅಷ್ಟೇ, ಬಣ್ಣ ಕಾಣದೆ ತುಕ್ಕು ಹಿಡಿದು ಒಣ ಬ್ರೆಡ್ಡಿನ ಅಂಚಿನ ಹಾಗಾಗಿತ್ತು.

ಎಂಟು ಗಂಟೆಗೆ ಗ್ಯಾಸಿನ ಗಾಡಿ ಬಂತು. ಬೀದಿಯ ಈ ತುದಿಯಿಂದ ಆ ತುದಿಗೆ ಹೋಯಿತು, ಆ ತುದಿಯಿಂದ ಈ ತುದಿಗೆ ಬಂತು. ಚಾಲಕ ತಲೆ ಹೊರಗೆ ಹಾಕಿ ಹಸಿರು ಗೇಟನ್ನು ಸಂಶಯದಿಂದ ನೋಡಿ, ತಪ್ಪು ಬೀದಿಗೆ ಬಂದೆನೆಂದು ತಿರುಗಿಸಿಕೊಂಡು ಹೋಗಿಯೇಬಿಟ್ಟ. ಹತ್ತು ನಿಮಿಷಕ್ಕೆ ದೋನ್ಯಾ ಎರ್ಮೆಲಿಂದಾ ಜೋಳದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಏನ್ರೀ ಇದು ದೋನ್ ಎವೆಲಿಯೊ! ಗೇಟಿಗೆ ಏನು ರೋಗ ಬಂತು?"

"ಹಳದಿ ಸಿಗಲಿಲ್ಲ ದೋನ್ಯಾ. ಹಸಿರೂ ಚೆನ್ನಾಗೇ ಇದೆಯಲ್ಲ?"

"ಚೆನ್ನಾಗಿದ್ರೆ ನಿಮ್ಮ ಮುಖಕ್ಕೆ ಬಳ್ಕೊಳ್ಳಿ! ಇನ್ನೂರು ತಮಾಲೆ ಒಲೆ ಮೇಲಿದೆ. ಗ್ಯಾಸು ಬಂದು ಮನೆ ಗೊತ್ತಾಗದೆ ಹೊರಟುಹೋಯ್ತು. ಕ್ರಿಸ್‌ಮಸ್ ತಿಂಗಳು ಕಣ್ರೀ. ನಾನು ಊರಿಗೆಲ್ಲ ಹೇಳಿರೋದು 'ಹಳದಿ ಗೇಟಿನಿಂದ ಐವತ್ತು ಮೀಟರು' ಅಂತ. ಈಗ ಯಾರನ್ನ ಕೇಳ್ಕೊಂಡು ಬರ್ತಾರೆ? ಗಿಳೀನಾ?"

ಎವೆಲಿಯೊ ಸಮಾಧಾನ ಹೇಳುವಷ್ಟರಲ್ಲಿ ಉಳುಕು ತೆಗೆಯುವ ದೋನ್ ಪಿಯೊ ಕ್ಷೌರದ ಗಿಲ್ಬೆರ್‌ನ ತೋಳು ಹಿಡಿದು ಎಳೆದುಕೊಂಡೇ ಬಂದ.

"ನೋಡಿ, ಇವನನ್ನೇ ಕೇಳಿ ಏನು ಮಾಡಿದ ಅಂತ! ಪಟ್ಟಣದಿಂದ ಒಬ್ಬ ಕತ್ತು ಹಿಡ್ಕೊಂಡೋನು ನನ್ನ ಹತ್ರ ಬರ್ತಿದ್ದ. ಹಳದಿ ಗೇಟು ಕಾಣದೆ ಸೀದಾ ಇವನ ಅಂಗಡಿಗೆ ನುಗ್ಗಿ ಕುರ್ಚಿ ಮೇಲೆ ಕೂತಿದಾನೆ."

"ಅಷ್ಟು ದೂರದಿಂದ ಬಂದೋನಿಗೆ 'ಇಲ್ಲಿ ಅಲ್ಲ' ಅಂತ ಹೇಗಪ್ಪ ಹೇಳೋದು?" ಎಂದ ಗಿಲ್ಬೆರ್. "ಗಡ್ಡ ಹೆರೆದೆ. ಹಾಗೇ ಕತ್ತನ್ನೂ ಒಂಚೂರು ತಿರುಗಿಸಿದೆ. ಟಕ್ ಅಂತು. ವಾಸಿಯಾಗೋಯ್ತು."

"ಅದೇ ನನ್ನ ಹೊಟ್ಟೆ ಉರಿ! ವಾಸಿ ಯಾಕಾಗ್ಬೇಕಿತ್ತು? ನಲವತ್ತು ವರ್ಷ ನಾನು ಕಲಿತ ವಿದ್ಯೆ, ಇವನು ಸೋಪಿನ ನೊರೆ ಹಚ್ಚಿ ಮಾಡ್ಬಿಟ್ಟ!"

ಗದ್ದಲ ಕೇಳಿ ಮಿರ್ತಾ ಹೊರಗೆ ಬಂದಳು. ಮೂರು ದಿನದಿಂದ ಅಡುಗೆಮನೆ ಬಿಟ್ಟು ಕದಲದಿದ್ದ ಅವಳು ಗೇಟು ನೋಡಿದ್ದು ಅದೇ ಮೊದಲು. ನೋಡಿ ಬಯ್ಯಲಿಲ್ಲ. ಕಟ್ಟಿಕೊಂಡಿದ್ದ ಏಪ್ರನ್ನಿಗೆ ನಿಧಾನವಾಗಿ ಕೈ ಒರೆಸಿಕೊಂಡಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಹಾಗೆ ಕೈ ಒರೆಸಿಕೊಂಡದ್ದು ಎರಡೇ ಸಲ.

"ರೀ, ಆ ಹೆಂಗಸಿಗೆ ಬರೆದ ಕಾಗದದಲ್ಲಿ ಮನೆ ವಿಳಾಸ ಏನಂತ ಬರೆದಿದ್ರಿ?"

ಬಸ್ಸಿನಲ್ಲಿ ನಿಲ್ದಾಣ ಕೂಗಿದ ಅಭ್ಯಾಸ. ಎವೆಲಿಯೊ ಎದೆ ಸೆಟೆಸಿ ಒಂದೇ ಉಸಿರಿಗೆ ಶುರು ಮಾಡಿದ: "ಅತ್ತಿಮರದಿಂದ ಇನ್ನೂರು ಮೀಟರ್ ಉತ್ತರಕ್ಕೆ! ಅಲ್ಲಿಂದ ಚೀನಾದವನ ಅಂಗಡಿ ಮೂಲೆಗೆ ತಿರುಗಿ ಎಪ್ಪತ್ತೈದು ಮೀಟರ್ ಪೂರ್ವಕ್ಕೆ! ಬ್ರೆನೆಸ್ ಕುಟುಂಬ, ಹಳದಿ..."

ಅಲ್ಲಿಗೆ ಬಸ್ಸು ನಿಂತಿತು.

ಎದುರು ಜಗುಲಿಯಿಂದ ಯಾರೋ ನಗು ನುಂಗಲು ಹೋಗಿ ಕೆಮ್ಮಿದ ಸದ್ದು ಕೇಳಿತು.

"ಎರಡು ವರ್ಷ ಕಾದೆ," ಎಂದಳು ಮಿರ್ತಾ. "ಹೋದ ಸಲ ಜರ್ಮನಿಯವನು ಹೋದ. ಈ ಸಲ ನೀವೇ ನಿಂತು ಕಳಿಸ್ತಿದೀರಿ." ಅಷ್ಟು ಹೇಳಿ ಒಳಗೆ ಹೋದಳು. ಬಯ್ದಿದ್ದರೆ ಎವೆಲಿಯೊನಿಗೆ ಹಗುರವಾಗುತ್ತಿತ್ತು.

ನೆರೆಯವರಿಗೆ ಈಗ ಕನಿಕರ ಬಂತು. ಕನಿಕರ ಬಂದರೆ ಸಲಹೆ ಬರದೆ ಇರುತ್ತದೆಯೇ?

"ನೀವು ಹಳದಿ ರೇನ್‌ಕೋಟು ಹಾಕ್ಕೊಂಡು ಗೇಟಿಗೆ ಒರಗಿ ನಿಂತ್ಬಿಡಿ," ಎಂದ ಗಿಲ್ಬೆರ್.

"ಡಿಸೆಂಬರ್ ಬಿಸಿಲಲ್ಲಿ ರೇನ್‌ಕೋಟಾ? ಹುಚ್ಚಾಸ್ಪತ್ರೆ ಅಂದ್ಕೊಂಡು ಬಂದ ಬಸ್ಸಿಗೇ ವಾಪಸ್ ಹತ್ತುತ್ತಾಳೆ," ಎಂದ ಪಿಯೊ.

"ಹಳದಿ ಹೊದಿಕೆ ಏನಾದ್ರೂ ಇದೆಯಾ? ಗೇಟಿಗೆ ಹೊದಿಸೋಣ," ಎಂದಳು ಎರ್ಮೆಲಿಂದಾ.

ಇತ್ತು. ಮಿರ್ತಾಳ ಮದುವೆಯಲ್ಲಿ ಅವಳ ತಾಯಿ ಕೊಟ್ಟ ಹಾಸಿಗೆ ಹೊದಿಕೆ, ಬೆಣ್ಣೆಯಂಥ ಹಳದಿ. ಹಿಂದಿನ ಕೋಣೆಯಲ್ಲಿ ಅತಿಥಿಗೆಂದು ಇಟ್ಟ ಮಂಚಕ್ಕೆ ಪೆಟ್ಟಿಗೆಯಿಂದ ತೆಗೆದು ಹಾಸಿದ್ದಳು. ಎವೆಲಿಯೊ ಕಳ್ಳಹೆಜ್ಜೆಯಲ್ಲಿ ಹೋಗಿ ಅದನ್ನು ಎತ್ತಿಕೊಂಡು ಬಂದ. ಎರಡು ತುದಿ ಗಿಲ್ಬೆರ್ ಹಿಡಿದ, ಎರಡು ತುದಿ ಪಿಯೊ ಹಿಡಿದ. ಗೇಟಿನ ಮುಂದೆ ಬಿಚ್ಚುತ್ತಿದ್ದ ಹಾಗೆ ಗುಡ್ಡದ ಗಾಳಿ ಕಾದು ಕೂತಿದ್ದಂತೆ ಬಂದು ಹೊದಿಕೆಯನ್ನು ಹಸಿ ಬಣ್ಣಕ್ಕೆ ಪಟಾರನೆ ಬಡಿಯಿತು. ಬಿಡಿಸಿ ನೋಡಿದರೆ ಹೊದಿಕೆಯ ಮೇಲೆ ಗೇಟಿನ ಸರಳು, ಚಿಲಕ, ಸುರುಳಿ ಹೂವು ಎಲ್ಲವೂ ಹಸಿರಿನಲ್ಲಿ ಮೂಡಿದ್ದವು.

"ಡಿಸೈನು ಚೆನ್ನಾಗೇ ಬಂದಿದೆ," ಎಂದ ಗಿಲ್ಬೆರ್.

ಎವೆಲಿಯೊ ಅದನ್ನು ಮಡಚಿ ಕೋಳಿಗೂಡಿನ ಹಿಂದೆ ತುರುಕಿ, ಟೋಪಿ ಹಾಕಿಕೊಂಡು ತೊಬಿಯಾಸನ ಅಂಗಡಿಗೆ ಓಡಿದ. ಆಗ ಹತ್ತೂವರೆ.

"ಹಳದಿ ಬಣ್ಣ! ಎಲ್ಲಿಂದಾದ್ರೂ ಸರಿ, ಒಂದು ಡಬ್ಬಿ!"

"ಲಾರಿ ಈಗಲೇ ಬರುತ್ತೆ, ಕೂತ್ಕೊಳ್ಳಿ," ಎಂದ ತೊಬಿಯಾಸ್.

ಎವೆಲಿಯೊ ತಾನೇ ಬರೆದ ಸಲಹೆಯಂತೆ ಕೂತ. ಅಂಗಡಿಯ ಮುಂದೆ ಬೆಂಚಿತ್ತು, ಬೆಂಚಿಗೆ ನೆರಳಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದ ದೇಹ. ಗಾಳಿ ಬೀಸಿತು, ಟೋಪಿ ಮೂಗಿನ ಮೇಲೆ ಜಾರಿತು.

ಕಣ್ಣು ಬಿಟ್ಟಾಗ ಬಿಸಿಲು ರಸ್ತೆಯ ಆಚೆ ಬದಿಗೆ ಹೋಗಿತ್ತು. ಗೋಡೆಯ ಗಡಿಯಾರ ಎರಡೂವರೆ ತೋರಿಸುತ್ತಿತ್ತು.

"ಲಾರಿ ಬಂತಾ?"

"ಹನ್ನೊಂದೂಕಾಲಿಗೇ ಬಂತು ಸ್ವಾಮಿ."

"ಮತ್ತೆ ಎಬ್ಬಿಸಬಾರದಿತ್ತಾ!"

"ಅಷ್ಟು ಚೆನ್ನಾಗಿ ನಿದ್ದೆ ಮಾಡ್ತಿದ್ರಿ. ಹಾಗೆ ಮಲಗಿರೋರನ್ನ ಎಬ್ಬಿಸೋಕೆ ಮನಸ್ಸು ಹೇಗೆ ಬರುತ್ತೆ?" ತೊಬಿಯಾಸನಿಗೆ ನಿಜವಾಗಿಯೂ ನೋವಾಗಿತ್ತು. "ನಾಲ್ಕು ಡಬ್ಬಿ ಹಳದಿ ಬಂತು. ಮೂರು ಆಗಲೇ ಹೋಯ್ತು, ಎಲ್ಲಾ ನಿಮ್ಮ ಬೀದಿಯೋರೇ. ನಿಮಗೆ ಅಂತ ಒಂದನ್ನ ಹಾಸಿಗೆ ಕೆಳಗೆ ಬಚ್ಚಿಟ್ಟಿದೀನಿ."

ಮೂರು ಡಬ್ಬಿ ತನ್ನ ಬೀದಿಗೆ ಯಾಕೆ ಹೋಯಿತು ಎಂದು ಯೋಚಿಸುವಷ್ಟು ವ್ಯವಧಾನ ಎವೆಲಿಯೊನಿಗೆ ಇರಲಿಲ್ಲ. ಮೂಲೆ ತಿರುಗಿದ ಮೇಲೆ ಯೋಚಿಸುವ ಅಗತ್ಯವೂ ಉಳಿಯಲಿಲ್ಲ. ಎರ್ಮೆಲಿಂದಾಳ ಗೇಟು ಹಳದಿ. ಪಿಯೊನ ಗೇಟು ಹಳದಿ. ಗಿಲ್ಬೆರ್‌ಗೆ ಗೇಟೇ ಇರಲಿಲ್ಲ, ಅಂಗಡಿಯ ಮುಂದೆ ಹಳೆಯ ಮಂಚದ ಕಬ್ಬಿಣದ ತಲೆಗಟ್ಟನ್ನು ಹೂಳಿ ಅದಕ್ಕೆ ಹಳದಿ ಬಳಿದಿದ್ದ. ಇಡೀ ಬೀದಿಗೆ ಕಾಮಾಲೆ ಬಡಿದಂತಿತ್ತು.

"ನಿಮ್ಮಿಂದ ಒಂದು ಪಾಠ ಕಲಿತೆ ದೋನ್ ಎವೆಲಿಯೊ," ಎಂದಳು ಎರ್ಮೆಲಿಂದಾ, ಬ್ರಷ್ಷು ಆಡಿಸುತ್ತ. "ನಮ್ಮ ಮನೆ ವಿಳಾಸ ಇನ್ನೊಬ್ಬರ ಗೇಟಿಗೆ ನೇತುಹಾಕಬಾರದು. ಇನ್ಮೇಲೆ ಹಳದಿ ಗೇಟು ಅಂದ್ರೆ ನಂದು."

"ನಿಮ್ದು ಹೇಗಾಗುತ್ತೆ? ನಾನು ಹನ್ನೆರಡು ಗಂಟೆಗೇ ಬಳಿದು ಮುಗಿಸಿದೀನಿ," ಎಂದ ಪಿಯೊ.

"ಉಳುಕಿದೋರು ಕಾಲೆಳ್ಕೊಂಡು ಬರುವಾಗ ಮೊದಲು ಸಿಗೋದು ನಂದು," ಎಂದ ಗಿಲ್ಬೆರ್.

"ಮಂಚಕ್ಕೆ ಗೇಟು ಅಂತಾರೇನಯ್ಯ?"

"ತೆರೆದು ಮುಚ್ಚೋಕೆ ಆಗದಿದ್ರೆ ಏನಾಯ್ತು, ಹಳದಿ ಇದೆ ತಾನೇ?"

ಎವೆಲಿಯೊ ಅವರ ಜಗಳದ ನಡುವೆಯೇ ನುಸುಳಿ ಹೋಗಿ ಡಬ್ಬಿ ಒಡೆದ. ಅರ್ಧ ಒಣಗಿದ ಹಸಿರಿನ ಮೇಲೆ ಹಳದಿ ಬಿತ್ತು. ಒಂದು ಪದರ ಬಳಿದಾಗ ಗೇಟು ಬಾಳೆಕಾಯಿಯಂತಾಯಿತು, ಎರಡನೆಯ ಪದರಕ್ಕೆ ಅರೆಹಣ್ಣಾಯಿತು, ಮೂರನೆಯದಕ್ಕೆ ಹೇಗೋ ಹಣ್ಣು ಅನ್ನಬಹುದಾಗಿತ್ತು. ಇಗರ್ಜಿಯ ಗಂಟೆ ನಾಲ್ಕು ಹೊಡೆಯುವಾಗ ಅವನ ಮೀಸೆ, ಮೊಣಕೈ, ಬಲಗಿವಿ ಎಲ್ಲವೂ ಹಳದಿಯಾಗಿದ್ದವು. ಮಿರ್ತಾ ಬಾಗಿಲಿಗೆ ಬಂದು ಗೇಟು ನೋಡಿದಳು, ಗಂಡನನ್ನು ನೋಡಿದಳು. ಅವಳ ಮುಖದಲ್ಲಿ ಸ್ವಲ್ಪ ಜೀವ ಬಂತು.

"ಇದೊಂದಾದ್ರೂ ಸರಿಯಾಯ್ತಲ್ಲ," ಎಂದಳು.

ನಾಲ್ಕೂ ಹತ್ತಕ್ಕೆ ಮೂಲೆಯಲ್ಲಿ ಆಕೆ ಕಾಣಿಸಿಕೊಂಡಳು. ಹಾಲೆಂಡ್ ದೇಶದವಳು, ಹೆಸರು ಹನ್ನೆಕೆ, ಅಲ್ಲಿ ಶಾಲೆಯ ಮಕ್ಕಳಿಗೆ ಭೂಗೋಳ ಹೇಳಿಕೊಡುವವಳು. ಐವತ್ತರ ಆಸುಪಾಸು. ಕಂಬದಂಥ ಎತ್ತರ, ಬೆನ್ನಿಗೆ ಚೀಲ, ಬಿಸಿಲಿಗೆ ಕೆಂಡವಾದ ಮೂಗು, ಕೈಯಲ್ಲಿ ಎಂಟು ಪುಟದ ಕಾಗದ. ಕೂಗುವಂತಿಲ್ಲ, ಕೈ ಬೀಸುವಂತಿಲ್ಲ. ಹಾಗಾಗಿ ಎಲ್ಲರೂ ತಂತಮ್ಮ ಹಳದಿಯ ಪಕ್ಕ ಬ್ರಷ್ಷನ್ನು ಬೆನ್ನ ಹಿಂದೆ ಹಿಡಿದು, ಫೋಟೋಕ್ಕೆ ನಿಂತವರ ಹಾಗೆ ನಿಂತರು.

ಹನ್ನೆಕೆ ಕ್ಷೌರದ ಅಂಗಡಿಯ ಮುಂದಿನ ಹಳದಿ ಮಂಚ ನೋಡಿದಳು. ಪಿಯೊನ ಗೇಟು ನೋಡಿದಳು. ಎರ್ಮೆಲಿಂದಾಳ ಗೇಟು ನೋಡಿದಳು. ಪ್ರತಿಯೊಬ್ಬರಿಗೂ ತಲೆಬಾಗಿ ಶುಭಸಂಜೆ ಹೇಳಿದಳು. ಎವೆಲಿಯೊನ ಗೇಟಿನ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಳು. ಒಂದು ಬೆರಳು ಮುಟ್ಟಿಸಿದಳು. ಬೆರಳು ಹಳದಿಯಾಯಿತು. ಎವೆಲಿಯೊನ ಬಾಯಿ ತೆರೆಯಿತು. ಮಿರ್ತಾ ಹಿಂದಿನಿಂದ ಚಿವುಟಿ, "ಸುಮ್ನಿರಿ, ಮಾತಾಡಿದ್ರೆ ಪಾಠ ಕೆಡುತ್ತೆ!" ಎಂದು ಪಿಸುಗುಟ್ಟಿದಳು.

ಹನ್ನೆಕೆ ಬೆರಳು ನೋಡಿಕೊಂಡು ಮುಗುಳ್ನಕ್ಕಳು. ಏನೋ ತೀರ್ಮಾನವಾದಂತೆ ತಲೆಯಾಡಿಸಿದಳು. ತಿರುಗಿ ರಸ್ತೆ ದಾಟಿದಳು. ಅಬುಂದಿಯೊನ ತುಕ್ಕು ಗೇಟಿನ ಮುಂದೆ ನಿಂತು, ಕಾಗದದಲ್ಲಿ ಬರೆದಿದ್ದಂತೆಯೇ, ಗಂಟಲು ಸರಿಮಾಡಿಕೊಂಡು ಕೂಗಿದಳು:

"ಊಪೆ!"

ಅಬುಂದಿಯೊ ತೂಗುಕುರ್ಚಿಯಿಂದ ಎದ್ದು ಬಂದ.

"ಬ್ರೆನೆಸ್ ಕುಟುಂಬ?"

"ಬ್ರೆನೆಸ್ಸೇ ತಾಯೀ. ಒಳಗೆ ಬನ್ನಿ, ಇದು ನಿಮ್ಮದೇ ಮನೆ."

ತುಕ್ಕು ಗೇಟು ಕಿರ್ರೆಂದಿತು. ಆಕೆ ಒಳಗೆ ಹೋದಳು. ಬೀದಿಯಲ್ಲಿ ನಾಲ್ಕು ಬ್ರಷ್ಷುಗಳಿಂದ ಹಳದಿ ತೊಟ್ಟಿಕ್ಕಿತು.

"ಹೋಗ್ರೀ! ಕರ್ಕೊಂಡು ಬನ್ನಿ!" ಎಂದಳು ಮಿರ್ತಾ. ಅವಳ ದನಿ ಒಡೆದಿತ್ತು.

"ಅಣ್ಣನ ಮನೆಗಾ? ನಾನಾ?"

"ಕಾಫಿ ಕೊಡೋದ್ರೊಳಗೆ ಹೋಗಿ. ಕೊಟ್ಟ ಮೇಲೆ ಎಬ್ಬಿಸಿ ಕರ್ಕೊಂಡು ಬಂದ್ರೆ ಮರ್ಯಾದೆಯಾಗಿರಲ್ಲ!"

ಹನ್ನೊಂದು ವರ್ಷದಲ್ಲಿ ಆ ರಸ್ತೆಯನ್ನು ಎವೆಲಿಯೊ ಅಡ್ಡ ದಾಟಿರಲಿಲ್ಲ. ಆರು ಮೀಟರು ಅಗಲ. ಅವನಿಗೆ ಸಮುದ್ರ ದಾಟಿದಷ್ಟು ಹೊತ್ತು ಹಿಡಿಯಿತು. ಗೇಟಿನ ಹತ್ತಿರ ನಿಂತು, "ಊಪೆ," ಎಂದ.

ಒಳಗಿಂದ ಅಣ್ಣ ನೋಡಿದ. ಹಳದಿ ಮೀಸೆ, ಹಳದಿ ಕಿವಿ.

"ಬಾರೋ," ಎಂದ. ಹನ್ನೊಂದು ವರ್ಷದ ಮೇಲೆ ಅದು ಮೊದಲ ಮಾತು. "ನಿಂತಿದೀಯಲ್ಲ, ಕೂತ್ಕೋ. ಗೋಡೆಗೆ ಮಾತ್ರ ಒರಗಬೇಡ."

ಹನ್ನೆಕೆ ಆಗಲೇ ಮೇಜಿಗೆ ಕೂತು ಕಾಫಿ ಕುಡಿಯುತ್ತಿದ್ದಳು. ಎವೆಲಿಯೊ ಕುರ್ಚಿಯ ತುದಿಯಲ್ಲಿ ಕೂತು ಕೆಮ್ಮಿದ. "ಸೆನ್ಯೋರಾ, ಒಂದು ಮಾತು. ನೀವು ಈ ಮನೇನ ಹೇಗೆ ಗುರುತು ಹಿಡಿದ್ರಿ?"

ಆಕೆಯ ಕಣ್ಣು ಮಿನುಗಿತು. ಕಲಿತ ಭಾಷೆಯನ್ನು ಒಂದೊಂದೇ ಕಲ್ಲು ಜೋಡಿಸುವಂತೆ ಜೋಡಿಸಿ ಹೇಳಿದಳು. "ನಾನು ಅತ್ತಿಮರ ಕೇಳಿದೆ. ಎಲ್ಲರೂ ತೋರಿಸ್ತಾರೆ. ಹೋದೆ. ಮರ ಇಲ್ಲ, ಬ್ಯಾಂಕು ಇದೆ. ಮರ ಮೂವತ್ತು ವರ್ಷ ಮೊದಲೇ ಬಿದ್ದಿದೆ! ಆಮೇಲೆ ಚೀನಾ ಅಂಗಡಿ. ಅಂಗಡಿ ಇಲ್ಲ, ಟೈರು ರಿಪೇರಿ ಇದೆ. ಚೀನಾದವರು ಇಲ್ಲ, ಸತ್ತುಹೋದ್ರು. ಆಗ ಅರ್ಥ ಆಯ್ತು. ಈ ದೇಶದಲ್ಲಿ ವಿಳಾಸ ಅಂದ್ರೆ ಇರೋದು ಅಲ್ಲ. ಇದ್ದದ್ದು! ಇಲ್ಲಿ ಬಂದೆ. ಎಷ್ಟೊಂದು ಹಳದಿ! ಮುಟ್ಟಿದೆ, ಹಸಿ. ಇವತ್ತಿನ ಹಳದಿ. ಹಾಗಾದ್ರೆ ಇದು ಯಾವುದೂ ಅಲ್ಲ. ಎದುರು ನೋಡಿದೆ. ಹಳೇ ಗೇಟು, ಬಣ್ಣ ಎಲ್ಲ ಹೋಗಿದೆ." ಅಬುಂದಿಯೊನ ಕಡೆ ತಿರುಗಿದಳು. "ಒಂದು ಕಾಲದಲ್ಲಿ ಹಳದಿ ಇತ್ತು, ಅಲ್ವಾ?"

ಆ ಗೇಟು ಹುಟ್ಟಿದ್ದೇ ಕಂದು ಬಣ್ಣದಲ್ಲಿ.

"ಇತ್ತು ತಾಯೀ," ಎಂದ ಅಬುಂದಿಯೊ. "ಒಂದು ಕಾಲದಲ್ಲಿ ಏನೇನೋ ಇತ್ತು."

"ನೀನು ಬೆಳಿಗ್ಗೆ ಆರರಿಂದ ಎಲ್ಲಾ ನೋಡ್ತಾ ಕೂತಿದ್ದೆ," ಎಂದು ಎವೆಲಿಯೊ ಅಣ್ಣನ ಕಿವಿಯ ಹತ್ತಿರ ಬಾಗಿ ಹಲ್ಲು ಕಡಿದ. "ಗೊತ್ತಿದ್ದೂ ಗೊತ್ತಿದ್ದೂ!"

"ಬ್ರೆನೆಸ್ಸಾ ಅಂತ ಕೇಳಿದ್ಲು. ಅಲ್ಲ ಅನ್ಲಾ? ನಿನಗೊಬ್ಬನಿಗೇನಾ ಅಪ್ಪ ಇದ್ದದ್ದು?"

ಅಷ್ಟರಲ್ಲಿ ಬಾಗಿಲಲ್ಲಿ ಮಿರ್ತಾ. ಕೈಯಲ್ಲಿ ಬಟ್ಟೆ ಸುತ್ತಿದ ದೊಡ್ಡ ಪಾತ್ರೆ. ಮೂರು ದಿನದ ಅಡುಗೆ ಆರಿಹೋಗುವುದನ್ನು ನೋಡುತ್ತ ಕೂರುವುದು ಅವಳಿಂದ ಆಗಿರಲಿಲ್ಲ. ಅವಳ ಹಿಂದೆಯೇ, ಐದು ಗಂಟೆಗೆ ಸರಿಯಾಗಿ, ಪಟ್ಟಿಯ ಪುಸ್ತಕ ಹಿಡಿದ ದೋನ್ಯಾ ಲಿಹಿಯಾ.

"ಎಲ್ಲಿ, ಎಲ್ಲಿ ನಮ್ಮ ವಿದ್ಯಾರ್ಥಿನಿ? ಓಹೋ! ಕಾಫೀನೂ ಆಗ್ತಿದೆ!"

ಹನ್ನೆಕೆ ಎದ್ದು ನಿಂತಳು. ಮಗ್ಗಿ ಒಪ್ಪಿಸಿದ ಮಗುವಿನ ಹಾಗೆ ಮುಖ ಅರಳಿತ್ತು. "ನಾನೇ ಹುಡುಕಿದೆ. ಒಬ್ಬಳೇ. ತಪ್ಪು ಮಾಡದೆ!" ಹೇಳುತ್ತ ಹೇಳುತ್ತ ಆಕೆಯ ಕಣ್ಣು ಒದ್ದೆಯಾಯಿತು. "ನನ್ನ ವಿದ್ಯಾರ್ಥಿಗಳು ಹೇಳ್ತಿದ್ರು, ಟೀಚರ್ ಈ ವಯಸ್ಸಲ್ಲಿ ಕಳೆದುಹೋಗ್ತಾರೆ ಅಂತ."

"ಭೇಷ್!" ಎಂದಳು ಲಿಹಿಯಾ. ಎವೆಲಿಯೊನ ಕಡೆ ತಿರುಗಿ, "ಸರಿಯಾದ ಮನೆ ತಾನೇ ದೋನ್ ಎವೆಲಿಯೊ?" ಎಂದು ಕೇಳಿದಳು.

ಎವೆಲಿಯೊ ಹೆಂಡತಿಯನ್ನು ನೋಡಿದ. ಹೆಂಡತಿ ಹನ್ನೆಕೆಯನ್ನು ನೋಡುತ್ತಿದ್ದಳು. ಹನ್ನೆಕೆಯ ಕೆಂಪು ಮೂಗು, ಒದ್ದೆ ಕಣ್ಣು, ಹಳದಿ ಬೆರಳು. 'ಇಲ್ಲಿ ಅಲ್ಲ' ಎಂಬ ಎರಡೇ ಮಾತು ಹೇಳಿದರೆ ಸಾಕಿತ್ತು. ಮೂವತ್ತು ವರ್ಷ ಬಸ್ಸಿನಲ್ಲಿ ತಪ್ಪು ನಿಲ್ದಾಣದಲ್ಲಿ ಇಳಿಯುವವರಿಗೂ ಅವನು ಅದನ್ನು ಹೇಳಿದವನಲ್ಲ.

"ಸರಿಯಾದ ಮನೇನೇ ದೋನ್ಯಾ," ಎಂದ.

ಮಿರ್ತಾ ಪಾತ್ರೆ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಲಿಹಿಯಾ ಪುಸ್ತಕ ಬಿಚ್ಚಿ, 'ಬ್ರೆನೆಸ್ ಕುಟುಂಬ' ಎಂಬುದರ ಮುಂದೆ ಇದ್ದ 'ಹಳದಿ ಗೇಟು' ಹೊಡೆದುಹಾಕಿ 'ತುಕ್ಕು ಗೇಟು' ಎಂದು ಬರೆದುಕೊಂಡಳು. ಬೀದಿಯವರೂ ಹಾಗೆಯೇ ಹೇಳತೊಡಗಿದರು. ನಾಲ್ಕು ಹಳದಿಯಲ್ಲಿ ಯಾವುದೆಂದು ಜಗಳವಾಡುವುದಕ್ಕಿಂತ, ಇರುವ ಒಂದೇ ತುಕ್ಕು ಗೇಟು ಎಲ್ಲರಿಗೂ ಸುಲಭವಾಗಿತ್ತು.

ಅಬುಂದಿಯೊ ಹೆಂಡತಿ ಸತ್ತವನು. ಅವನಿಗೆ ಚೆನ್ನಾಗಿ ಬರುತ್ತಿದ್ದ ಅಡುಗೆ ಕಾಫಿಯೊಂದೇ. ಅತಿಥಿ ಅಲ್ಲಿದ್ದ ಮೇಲೆ ಮಿರ್ತಾಳ ಒಲೆಯೂ ಅಲ್ಲಿಗೆ ಹೋಯಿತು. ದಿನಾ ಬೆಳಿಗ್ಗೆ ಐದಕ್ಕೆ ಅವಳು ಪಾತ್ರೆಗಳೊಡನೆ ರಸ್ತೆ ದಾಟುವಳು. ಕಾಲುವೆಗಳ ಮೇಲೆ ಜನ ಜಾರುವ ಚಳಿಗಾಲದ ಕತೆ, ಸಮುದ್ರಕ್ಕಿಂತ ತಗ್ಗಿನಲ್ಲಿ ದನ ಮೇಯುವ ಕತೆ, ಎಲ್ಲ ಕೇಳುತ್ತ ಕಾಳು ಆರಿಸುವಳು. ಅವಳ ಮುಖ ಹತ್ತು ವರ್ಷ ಹಿಂದಕ್ಕೆ ಹೋಯಿತು. ಅನ್ನ ಬೇಕಾದರೆ ಎವೆಲಿಯೊನೂ ಮೂರು ಹೊತ್ತು ಅಣ್ಣನ ಗೇಟಿನ ಮುಂದೆ ನಿಂತು ಊಪೆ ಎನ್ನಬೇಕಾಯಿತು. ಅಣ್ಣ ಪ್ರತಿ ಸಲವೂ, "ಯಾರು?" ಎಂದು ಕೇಳಿಯೇ ಒಳಗೆ ಬಿಡುತ್ತಿದ್ದ.

"ಇನ್ನೇನು, ಆಕೆ ಪಾಠ ಮಾರ್ಚಿಗೆ ಮುಗಿಯುತ್ತೆ," ಎಂದು ಎವೆಲಿಯೊ ದಿನ ಎಣಿಸಿದ. "ಆಕೆ ಹೋದ ಮೇಲೆ ನನ್ನ ಮನೆ, ನನ್ನ ಮೇಜು, ನನ್ನ ಹೆಂಡತಿ."

ಮಾರ್ಚ್ ತಿಂಗಳ ಎರಡನೆಯ ಬುಧವಾರ ಬೆಳಿಗ್ಗೆ ಏಳರ ಬಸ್ಸಿಗೆ ಹನ್ನೆಕೆ ಹೊರಟಳು. ಇಡೀ ಬೀದಿ ನಿಲ್ದಾಣಕ್ಕೆ ಹೋಗಿ ಅತ್ತು ಬಂತು. ಮಿರ್ತಾ ಪಾತ್ರೆಗಳನ್ನು ಒಂದೊಂದಾಗಿ ಹೊತ್ತು ರಸ್ತೆ ದಾಟಿಸಿ ತನ್ನ ಅಡುಗೆಮನೆಯಲ್ಲಿ ಜೋಡಿಸಿದಳು. ಮಧ್ಯಾಹ್ನ ಎವೆಲಿಯೊ ಮೂರು ತಿಂಗಳ ಮೇಲೆ ಮೊದಲ ಬಾರಿಗೆ ತನ್ನ ಸ್ವಂತ ಮೇಜಿಗೆ ಕೂತು, ಚಮಚ ಎತ್ತಿದ.

"ಊಪೆ!"

ಗೇಟಿನಲ್ಲಿ ಅಬುಂದಿಯೊ. ಒಂದು ಕೈಯಲ್ಲಿ ತೂಗುಕುರ್ಚಿ, ಇನ್ನೊಂದರಲ್ಲಿ ದಿಂಬು.

"ಮೂರು ತಿಂಗಳು ಮಿರ್ತಾಳ ಕೈ ಅಡುಗೆ ಉಂಡ ಹೊಟ್ಟೆ ಕಣೋ. ಅದಕ್ಕೆ ನಾನು ಮಾಡಿದ್ದು ಇನ್ನು ಇಳಿಯಲ್ಲ. ಊಟಕ್ಕೆ ಮೂರು ಹೊತ್ತೂ ಆ ಕಡೆ ಈ ಕಡೆ ಓಡಾಡೋಕೆ ಮೊಣಕಾಲೂ ಬಿಡಲ್ಲ. ಹಿಂದಿನ ಕೋಣೆ ಹೇಗೂ ಖಾಲಿ ಇದೆಯಂತಲ್ಲ?"

ಮಿರ್ತಾ ಆಗಲೇ ಮೂರನೆಯ ತಟ್ಟೆ ಹಾಕುತ್ತಿದ್ದಳು. ಎವೆಲಿಯೊ ಬಾಯಿ ತೆರೆದ. ಅದರಿಂದ ಹೊರಬಂದ ಮಾತು ಒಂದೇ: "ಬಾ ಅಣ್ಣ, ನಿಂದೇ ಮನೆ."

ಹೀಗೆ ಬುಧವಾರ ಹನ್ನೆಕೆ ಹೋದಳು. ಅದೇ ಬುಧವಾರ ಬಂದವನು ಇನ್ನೂ ಹೋಗಿಲ್ಲ.